ಬೆಳಗಿನ ತಿಂಡಿ ತಿನ್ನಲೇಬೇಕಾ? ಮುಂಬಯಿ ಕನ್ನಡಿಗರು ಪದೇ ಪದೇ ಕೇಳುವ ಪ್ರಶ್ನೆಗಳು

ಮಾಟುಂಗಾದಿಂದ ಡೊಂಬಿವಲಿವರೆಗೆ ಎಲ್ಲಿ ನಾಲ್ಕು ಜನ ಕನ್ನಡದವರು ಸೇರಿದರೂ ಊಟ-ತಿಂಡಿಯ ಮಾತು ಬಂದೇ ಬರುತ್ತದೆ. ಜೊತೆಗೆ ಈ ಪ್ರಶ್ನೆಗಳೂ ಬರುತ್ತವೆ. ಇಲ್ಲಿನ ಉತ್ತರಗಳು ಹೆಚ್ಚಾಗಿ ಆರೋಗ್ಯವಾಗಿರುವ ದೊಡ್ಡವರಿಗೆ. ಸಕ್ಕರೆ ಕಾಯಿಲೆ ಇದ್ದವರು, ಮಕ್ಕಳು, ವಯಸ್ಸಾದವರ ಲೆಕ್ಕ ಬೇರೆ. ಅದನ್ನು ಅಲ್ಲಲ್ಲೇ ಹೇಳಿದೆ.

ಸುತ್ತಿ ಬಳಸದೆ ಹೇಳಿ: ತಿಂಡಿ ಬಿಟ್ಟರೆ ಆರೋಗ್ಯ ಕೆಡುತ್ತಾ?

ಗಟ್ಟಿಮುಟ್ಟಾಗಿರುವ ದೊಡ್ಡವರಿಗೆ ತಿಂಡಿ ಬಿಟ್ಟ ಒಂದೇ ಕಾರಣಕ್ಕೆ ಆರೋಗ್ಯ ಕೆಡುವುದಿಲ್ಲ. ತಿಂಡಿ ತಿಂದ ಒಂದೇ ಕಾರಣಕ್ಕೆ ಸುಧಾರಿಸುವುದೂ ಇಲ್ಲ. ಹಿಂದಿನ ರಾತ್ರಿ ಎಷ್ಟು ಹೊತ್ತಿಗೆ ಉಂಡಿರಿ? ಬೆಳಿಗ್ಗೆ ತಟ್ಟೆಗೆ ಏನು ಬಿತ್ತು? ತಿಂಡಿ ಬಿಟ್ಟಿರಾದರೆ ಹನ್ನೊಂದು ಗಂಟೆಗೆ ಕೈ ಯಾವ ಡಬ್ಬಿಗೆ ಹೋಯಿತು? ಲೆಕ್ಕಕ್ಕೆ ಬರುವುದು ಇವು. ನನ್ನನ್ನು ಕೇಳಿದರೆ ಮುಂಬಯಿಯಲ್ಲಿ ತಿಂಡಿಯ ತಾಪತ್ರಯ ಶುರುವಾಗುವುದೇ ರಾತ್ರಿ ಹತ್ತೂವರೆಯ ಊಟದಲ್ಲಿ.

ಬಿಡಬಾರದವರು ಯಾರು ಅಂದರೆ, ಸಕ್ಕರೆ ಇಳಿಸುವ ಕೆಲವು ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು, ಬೆಳೆಯುವ ಮಕ್ಕಳು, ಬಸುರಿಯರು, ತೂಕ ಇಳಿಯುತ್ತಿರುವ ವಯಸ್ಸಾದವರು.

ಹಾಗಾದರೆ ‘ದಿನದ ಊಟಗಳಲ್ಲೆಲ್ಲ ಬೆಳಗಿನದೇ ಮುಖ್ಯ’ ಅಂತ ಯಾಕೆ ಹೇಳ್ತಾರೆ?

ಈ ಮಾತು ನಮ್ಮ ಅಜ್ಜಿಯರದ್ದಲ್ಲ, ಅಮೆರಿಕದ ಬ್ಯಾಟಲ್ ಕ್ರೀಕ್ ಎಂಬ ಊರಿನದು. ಅಲ್ಲಿ ಜಾನ್ ಹಾರ್ವಿ ಕೆಲಾಗ್ ಎಂಬ ಡಾಕ್ಟರು ದೊಡ್ಡ ಆರೋಗ್ಯಧಾಮ ನಡೆಸುತ್ತಿದ್ದರು. ಅವರ ‘ಗುಡ್ ಹೆಲ್ತ್’ ಪತ್ರಿಕೆಯಲ್ಲಿ 1917ರಲ್ಲಿ ಲೆನ್ನಾ ಕೂಪರ್ ಎಂಬ ಆಹಾರ ತಜ್ಞೆ ಹೀಗೆ ಬರೆದರು. ಅದಕ್ಕೆ ಹನ್ನೊಂದು ವರ್ಷ ಮೊದಲೇ, 1906ರಲ್ಲಿ, ಆ ಡಾಕ್ಟರ ತಮ್ಮ ವಿಲ್ ಕೆಲಾಗ್ ಕಾರ್ನ್‌ಫ್ಲೇಕ್ಸ್ ಕಂಪನಿ ಶುರು ಮಾಡಿ ಆಗಿತ್ತು. 1920ರ ದಶಕದಲ್ಲಿ ಎಡ್ವರ್ಡ್ ಬರ್ನೇಸ್ ಎಂಬ ಪ್ರಚಾರದ ಪಂಡಿತ ಬಂದ. ಬೀಚ್‌ನಟ್ ಎಂಬ ಕಂಪನಿಗೆ ಹಂದಿಮಾಂಸದ ಮಾರಾಟ ಹೆಚ್ಚಿಸಬೇಕಿತ್ತು. ಬರ್ನೇಸ್ ಸಾವಿರಾರು ಡಾಕ್ಟರುಗಳಿಗೆ ‘ಹಗುರ ತಿಂಡಿ ಒಳ್ಳೆಯದೋ, ಗಟ್ಟಿ ತಿಂಡಿ ಒಳ್ಳೆಯದೋ’ ಅಂತ ಕೇಳಿಸಿದ. ಗಟ್ಟಿ ತಿಂಡಿಯೇ ಒಳ್ಳೆಯದು ಅಂತ ಬಂದ ಉತ್ತರವನ್ನು ಪೇಪರುಗಳಲ್ಲಿ ಹಾಕಿಸಿದ. ಹಂದಿಮಾಂಸ-ಮೊಟ್ಟೆ ಅಮೆರಿಕದವರ ಬೆಳಗಿನ ತಟ್ಟೆಯಲ್ಲಿ ಗಟ್ಟಿಯಾಗಿ ಕೂತದ್ದು ಹೀಗೆ.

ಮಾರುವವನು ಹೇಳಿದ ಅಂದ ಮಾತ್ರಕ್ಕೆ ಮಾತು ಸುಳ್ಳಾಗಬೇಕಿಲ್ಲ. ಆದರೆ ಅವನ ಅಂಗಡಿಯಲ್ಲಿ ಏನಿತ್ತು ಅಂತ ಗೊತ್ತಿದ್ದರೆ ಒಳ್ಳೆಯದು, ಅಲ್ವಾ?

ನಮ್ಮ ಕಡೆಯವರೂ ಬೆಳಿಗ್ಗೆ ತಿನ್ನುತ್ತಿದ್ದರು, ಇಲ್ಲ ಅಂತಲ್ಲ. ಕರಾವಳಿಯಲ್ಲಿ ಗದ್ದೆಗೆ ಇಳಿಯುವವರು ಗಂಜಿ ಉಂಡು ಹೋಗುತ್ತಿದ್ದರು. ವಿಜಯಪುರ, ಕಲಬುರಗಿ ಕಡೆ ಹೊಲದಲ್ಲಿ ಒಂದಿಷ್ಟು ಕೆಲಸ ಮುಗಿಸಿ, ಬುತ್ತಿ ಬಿಚ್ಚಿ ನ್ಯಾರಿ ಮಾಡುತ್ತಿದ್ದರು. ಅವರಿಗೆ ಮಧ್ಯಾಹ್ನದವರೆಗೆ ಬೆನ್ನು ಬಗ್ಗಿಸುವ ಕೆಲಸ ಇತ್ತು. ನಮಗೆ ಇರುವುದು ಲೋಕಲ್ ಟ್ರೇನು, ಆಮೇಲೆ ಕುರ್ಚಿ.

ತಿಂಡಿ ಬಿಟ್ಟರೆ ಮಧ್ಯಾಹ್ನ ಜಾಸ್ತಿ ತಿಂದು ದಪ್ಪ ಆಗ್ತೀವಂತೆ, ಹೌದಾ?

ಬಹಳ ವರ್ಷ ಹಾಗೇ ನಂಬಿದ್ದರು. ಪರೀಕ್ಷೆ ಮಾಡಿ ನೋಡಿದಾಗ ಲೆಕ್ಕ ಬೇರೆಯೇ ಬಂತು. ಆಸ್ಟ್ರೇಲಿಯಾದ ಮೊನಾಶ್ ವಿಶ್ವವಿದ್ಯಾಲಯದವರು ಇಂಥ 13 ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿ, 2019ರಲ್ಲಿ ಬಿಎಂಜೆ ಎಂಬ ವೈದ್ಯರ ಪತ್ರಿಕೆಯಲ್ಲಿ ಬರೆದರು. ತಿಂಡಿ ತಿಂದವರು ದಿನಕ್ಕೆ ಸುಮಾರು 260 ಕ್ಯಾಲೊರಿ ಹೆಚ್ಚೇ ತಿಂದಿದ್ದರು. ಬಿಟ್ಟವರು ಮಧ್ಯಾಹ್ನ ಸ್ವಲ್ಪ ಜಾಸ್ತಿ ತಿಂದರೂ ಬಿಟ್ಟಷ್ಟನ್ನೂ ತುಂಬಿಕೊಳ್ಳಲಿಲ್ಲ. ಅವರ ತೂಕ ಸರಾಸರಿ ಅರ್ಧ ಕಿಲೋಗಿಂತ ಕಡಿಮೆ ವ್ಯತ್ಯಾಸದಲ್ಲಿ ಇಳಿದಿತ್ತು. ಅರ್ಧ ಕಿಲೋ ಅಂದರೆ ಏನೂ ಅಲ್ಲ. ಆ ಪ್ರಯೋಗಗಳು ಹೆಚ್ಚಿನವು ಸಣ್ಣವು, ಕೆಲವೇ ವಾರ ನಡೆದವು, ಅಮೆರಿಕ-ಬ್ರಿಟನ್ನಿನವು. ಉಪ್ಪಿಟ್ಟು ತಿನ್ನುವವರು ಅಲ್ಲಿ ಇರಲಿಲ್ಲ.

2014ರಲ್ಲಿ 309 ಜನರ ಮೇಲೆ 16 ವಾರ ನಡೆದ ಇನ್ನೊಂದು ಪ್ರಯೋಗ ಇದೆ. ಕೆಲವರಿಗೆ ತಿಂಡಿ ತಿನ್ನಿ ಅಂದರು, ಕೆಲವರಿಗೆ ಬಿಡಿ ಅಂದರು. ಕೊನೆಗೆ ತೂಕದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವೇ ಇರಲಿಲ್ಲ.

ಹಾಗಾಗಿ ತೂಕ ಇಳಿಸಲು ತಿಂಡಿ ಶುರು ಮಾಡುವುದೂ ಸುಮ್ನೆ, ತೂಕ ಇಳಿಸಲು ತಿಂಡಿ ಬಿಡುವುದೂ ಸುಮ್ನೆ.

ತಿಂಡಿ ತಿನ್ನದಿದ್ದರೆ ಮೆಟಬಾಲಿಸಂ ನಿಂತುಹೋಗುತ್ತಂತಲ್ಲ?

ಮೆಟಬಾಲಿಸಂ ಅಂದರೆ ತಿಂದದ್ದನ್ನು ಮೈ ಸುಟ್ಟು ಶಕ್ತಿ ಮಾಡಿಕೊಳ್ಳುವ ಕೆಲಸ. ಅದು ನಿಲ್ಲುವುದಿಲ್ಲ. ಇಂಗ್ಲೆಂಡಿನ ಬಾತ್ ವಿಶ್ವವಿದ್ಯಾಲಯದಲ್ಲಿ ಆರು ವಾರ ಅಳೆದು ನೋಡಿದ್ದಾರೆ. ಸುಮ್ಮನೆ ಕೂತಾಗ ಮೈ ಸುಡುವ ಕ್ಯಾಲೊರಿಯಲ್ಲಿ ತಿಂಡಿ ತಿಂದವರಿಗೂ ಬಿಟ್ಟವರಿಗೂ ಫರಕು ಇರಲಿಲ್ಲ. ಒಂದು ಮಜಾ ಮಾತ್ರ ಸಿಕ್ಕಿತು. ತಿಂಡಿ ತಿಂದವರು ಬೆಳಗಿನ ಹೊತ್ತು ತಮಗೇ ಗೊತ್ತಿಲ್ಲದ ಹಾಗೆ ಜಾಸ್ತಿ ಓಡಾಡುತ್ತಿದ್ದರು. ಹೊಟ್ಟೆಗೆ ಬಿದ್ದರೆ ಕೈಕಾಲು ಆಡುತ್ತವೆ ಅನ್ನುವುದು ಅಷ್ಟರಮಟ್ಟಿಗೆ ನಿಜ.

ತಿಂಡಿ ಬಿಡುವವರಿಗೆ ಹಾರ್ಟ್ ಅಟ್ಯಾಕ್ ಜಾಸ್ತಿ ಅಂತ ಓದಿದ್ದೆ. ಹೆದರಬೇಕಾ?

ನೀವು ಓದಿದ್ದು ಬಹುಶಃ ಹಾರ್ವರ್ಡಿನವರ 2013ರ ಅಧ್ಯಯನ. ಸುಮಾರು 27 ಸಾವಿರ ಗಂಡಸರನ್ನು 16 ವರ್ಷ ಗಮನಿಸಿದ್ದರು. ತಿಂಡಿ ಬಿಡುವವರಲ್ಲಿ ಹೃದಯದ ತೊಂದರೆ ಶೇ 27ರಷ್ಟು ಹೆಚ್ಚು ಕಂಡಿತು. ತಲೆಬರಹಗಳಲ್ಲಿ ಬಂದದ್ದು ಹೆಚ್ಚಾಗಿ ಇಷ್ಟೇ. ಅದೇ ಅಧ್ಯಯನದಲ್ಲಿ, ಮಲಗಿದ ಮೇಲೆ ಮತ್ತೆ ಎದ್ದು ತಿನ್ನುವವರಲ್ಲಿ ಶೇ 55ರಷ್ಟು ಹೆಚ್ಚು ಅಂತಲೂ ಇತ್ತು. ಅದು ಅಷ್ಟು ಸುದ್ದಿಯಾಗಲಿಲ್ಲ.

ತಿಂಡಿ ಬಿಡುವವರು ಯಾರು ಅಂತಲೂ ನೋಡಬೇಕು. ಆ ಗುಂಪಿನಲ್ಲಿ ಬೀಡಿ-ಸಿಗರೇಟು ಸೇದುವವರು, ವ್ಯಾಯಾಮ ಮಾಡದವರು, ಪೂರ್ತಿ ಹೊತ್ತು ದುಡಿಯುವವರು ಜಾಸ್ತಿ ಇದ್ದರು. ಅವರ ಹೃದಯ ಕೆಟ್ಟದ್ದು ಇಡ್ಲಿ ತಿನ್ನದ್ದಕ್ಕೋ, ಬಾಕಿ ಬದುಕಿಗೋ? ಅಧ್ಯಯನ ಮಾಡಿದವರು ಲೆಕ್ಕದಲ್ಲಿ ಅವನ್ನು ಬೇರ್ಪಡಿಸಲು ನೋಡಿದ್ದಾರೆ, ಆದರೆ ಪೂರ್ತಿ ಬೇರ್ಪಡಿಸಲು ಆಗುವುದಿಲ್ಲ. ನಿಮ್ಮ ಬಿಪಿ, ಕೊಲೆಸ್ಟ್ರಾಲ್, ಸಿಗರೇಟು ಮೊದಲು ನೋಡಿ. ತಿಂಡಿ ಆಮೇಲೆ.

ನನಗೆ ಬೆಳಿಗ್ಗೆ ಹಸಿವೇ ಆಗಲ್ಲ. ಒತ್ತಾಯ ಮಾಡಿ ತಿನ್ನಬೇಕಾ?

ಒತ್ತಾಯ ಬೇಡ. ಆದರೆ ಹಸಿವು ಯಾಕೆ ಇಲ್ಲ ಅಂತ ಒಮ್ಮೆ ನೋಡಿ.

ಅಂಧೇರಿಯಲ್ಲೋ ಬಿಕೆಸಿಯಲ್ಲೋ ಏಳಕ್ಕೆ ಆಫೀಸು ಬಿಡುತ್ತದೆ. ಟ್ರೇನು ಹಿಡಿದು, ದಾದರಿನಲ್ಲಿ ಬದಲಾಯಿಸಿ, ಡೊಂಬಿವಲಿಯಲ್ಲೋ ಕಲ್ಯಾಣದಲ್ಲೋ ಇಳಿದು, ರಿಕ್ಷಾ ಲೈನಿನಲ್ಲಿ ನಿಂತು ಮನೆ ಸೇರುವಾಗ ಒಂಬತ್ತೂವರೆ. ದಾರಿಯಲ್ಲಿ ಹೊಟ್ಟೆ ಚುರುಗುಟ್ಟಿ ಸ್ಟೇಷನ್ನಿನ ಹೊರಗೆ ಒಂದು ವಡಾಪಾವ್ ಆಗಿರುತ್ತದೆ. ಸ್ನಾನ, ಟಿವಿ, ಊರಿಗೆ ಫೋನು. ಊಟಕ್ಕೆ ಕೂರುವಾಗ ಹತ್ತೂವರೆ. ದಿನದ ಅತಿ ದೊಡ್ಡ ಊಟ ಅದೇ, ಯಾಕೆಂದರೆ ಮನೆಮಂದಿ ಒಟ್ಟಿಗೆ ಕೂರುವುದು ಆಗ ಮಾತ್ರ. ಹನ್ನೊಂದೂವರೆಗೆ ನಿದ್ದೆ, ಐದೂವರೆಗೆ ಅಲಾರಾಂ. ಹೊಟ್ಟೆ ಇನ್ನೂ ರಾತ್ರಿಯ ಅನ್ನ-ಸಾರಿನ ಭಾರದಲ್ಲೇ ಇರುವಾಗ ಬೆಳಿಗ್ಗೆ ಹಸಿವು ಎಲ್ಲಿಂದ ಬರಬೇಕು?

ಮೈಗೆ ಅದರದ್ದೇ ಗಡಿಯಾರ ಇದೆ. ಅದರ ಒಳಗುಟ್ಟು ಬಿಡಿಸಿದ ಮೂವರಿಗೆ 2017ರಲ್ಲಿ ನೊಬೆಲ್ ಬಂತು. ನಮ್ಮಲ್ಲಿ ಹೆಚ್ಚಿನವರಿಗೆ ಇನ್ಸುಲಿನ್ ಬೆಳಗಿನ ಹೊತ್ತು ಚೆನ್ನಾಗಿ ಕೆಲಸ ಮಾಡುತ್ತದೆ, ರಾತ್ರಿ ಮಂದವಾಗುತ್ತದೆ. ಅದೇ ಎರಡು ಚಪಾತಿ ಬೆಳಿಗ್ಗೆ ತಿಂದರೆ ಏರುವ ಸಕ್ಕರೆಗಿಂತ ರಾತ್ರಿ ತಿಂದರೆ ಜಾಸ್ತಿ ಏರುತ್ತದೆ. 2022ರಲ್ಲಿ ಅಮೆರಿಕದ ಬಾಸ್ಟನ್ನಿನಲ್ಲಿ 16 ಜನರಿಗೆ ಅದೇ ಊಟವನ್ನು ನಾಲ್ಕು ಗಂಟೆ ತಡವಾಗಿ ಕೊಟ್ಟು ನೋಡಿದರು. ಹಸಿವು ಹೆಚ್ಚಿತು, ಮೈ ಸುಡುವ ಕ್ಯಾಲೊರಿ ಕಡಿಮೆಯಾಯಿತು. ಹದಿನಾರೇ ಜನ, ಸಣ್ಣ ಪ್ರಯೋಗ, ಆದರೆ ಬಹಳ ಬಿಗಿಯಾಗಿ ಮಾಡಿದ್ದು.

ಮುಂಬಯಿಯಲ್ಲಿ ಏಳು ಗಂಟೆಗೇ ಊಟ ಮಾಡಿ ಅಂದರೆ ನಗುತ್ತೀರಿ. ಗೊತ್ತು. ಊಟವನ್ನೇ ಎರಡು ಮಾಡಿ ನೋಡಿ. ಆಫೀಸಿನಿಂದ ಹೊರಡುವ ಮೊದಲು ಡಬ್ಬಿಯಲ್ಲಿ ತಂದ ಚಪಾತಿ-ಪಲ್ಯ ತಿಂದುಬಿಡಿ. ವಡಾಪಾವಿನ ಕಡೆಗೆ ಕಣ್ಣು ಹೋಗುವುದಿಲ್ಲ. ಮನೆಗೆ ಬಂದ ಮೇಲೆ ಸಾರು, ಪಲ್ಯ, ಮಜ್ಜಿಗೆ, ಬೇಕಾದರೆ ಒಂದು ಹಿಡಿ ಅನ್ನ. ಹರಟೆ ಎಷ್ಟು ಹೊತ್ತಾದರೂ ನಡೆಯಲಿ. ಬೆಳಗಿನ ಹಸಿವು ತಾನಾಗಿ ವಾಪಸ್ಸು ಬರುತ್ತದೆ.

ನಾನು ಏಳು ಗಂಟೆಯ ಫಾಸ್ಟ್ ಲೋಕಲ್ ಹಿಡಿಯಬೇಕು. ತಿಂಡಿ ಯಾವಾಗ ತಿನ್ನಲಿ?

ಎದ್ದ ಅರ್ಧ ಗಂಟೆಯಲ್ಲೇ ತಿನ್ನಬೇಕು ಅನ್ನುವ ನಿಯಮ ಯಾವುದೂ ಇಲ್ಲ. ಆಫೀಸು ಮುಟ್ಟಿ, ಬೆವರು ಒರೆಸಿಕೊಂಡು, ಒಂಬತ್ತಕ್ಕೆ ಡಬ್ಬಿ ಬಿಚ್ಚಿದರೂ ಅದು ತಿಂಡಿಯೇ. ಚಟ್ನಿಪುಡಿ ಹಚ್ಚಿದ ದೋಸೆ, ಮೆಂತ್ಯದ ಥಾಲಿಪೀಟ್, ಮೊಟ್ಟೆ ಸುತ್ತಿದ ಚಪಾತಿ, ಇವು ಮೂರು ಗಂಟೆ ಡಬ್ಬಿಯಲ್ಲಿ ಸುಖವಾಗಿ ಇರುತ್ತವೆ. ತೆಂಗಿನಕಾಯಿ ಚಟ್ನಿ ಮಾತ್ರ ಬೇಡ. ಮೇ ತಿಂಗಳ ಸೆಕೆಯಲ್ಲಿ ಅದು ದಾದರ್ ದಾಟುವ ಮೊದಲೇ ಹುಳಿಯುತ್ತದೆ.

ಗರ್ದಿಯಲ್ಲಿ ನಿಂತು ಹೋಗುವವರಿಗೆ ಒಂದು ಮಾತು. ನಿಮಗೆ ಖಾಲಿ ಹೊಟ್ಟೆಯಲ್ಲಿ ತಲೆ ಸುತ್ತುವುದು, ಕಣ್ಣು ಕತ್ತಲೆ ಬರುವುದು ಇದ್ದರೆ ಮನೆಯಿಂದ ಹೊರಡುವ ಮೊದಲು ಒಂದು ಬಾಳೆಹಣ್ಣು, ಒಂದು ಲೋಟ ನೀರು ಹೊಟ್ಟೆಗೆ ಹಾಕಿ. ಬಾಗಿಲಲ್ಲಿ ನೇತಾಡುವಾಗ ತಲೆ ಸುತ್ತುವುದು ಹುಡುಗಾಟವಲ್ಲ. ಪದೇ ಪದೇ ಹೀಗಾದರೆ ಹಿಮೋಗ್ಲೋಬಿನ್ ಮತ್ತು ಬಿಪಿ ತೋರಿಸಿಕೊಳ್ಳಿ. ಹೆಂಗಸರಂತೂ ಖಂಡಿತ.

ನಮ್ಮದು ಹೋಟೆಲ್ ಕೆಲಸ. ಊರಿಗೆಲ್ಲ ತಿಂಡಿ ಕೊಡ್ತೀವಿ, ನಾವು ತಿನ್ನೋದು ಹನ್ನೊಂದಕ್ಕೆ. ಏನು ಮಾಡೋಣ?

ಈ ಪ್ರಶ್ನೆ ಕೇಳಬೇಕಾದವರು ಬಹಳ ಜನ, ಕೇಳುವವರು ಕಡಿಮೆ. ಉಡುಪಿ ಹೋಟೆಲಿನ ಬೆಳಗು ಗೊತ್ತಿದ್ದವರಿಗೆ ಗೊತ್ತು. ಬಹಳ ಕಡೆ ಐದಕ್ಕೇ ಇಡ್ಲಿ ಪಾತ್ರೆ ಒಲೆಗೆ ಏರುತ್ತದೆ. ಸಾಂಬಾರಿಗೆ ಒಗ್ಗರಣೆ, ಕಾಫಿಗೆ ಡಿಕಾಕ್ಷನ್, ಕಲ್ಲಿನ ಮೇಲೆ ಮೊದಲ ದೋಸೆ. ಶಟರ್ ಎತ್ತುವ ಹೊತ್ತಿಗೆ ಹೊರಗೆ ವಾಕಿಂಗ್ ಮುಗಿಸಿದವರು ನಿಂತಿರುತ್ತಾರೆ. ಭಾನುವಾರವಾದರೆ ಮಾಟುಂಗಾದಲ್ಲಿ ಹೆಸರು ಬರೆಸಿ ಕಾಯುವ ಗುಂಪು. ಆ ಗದ್ದಲ ಇಳಿಯುವ ತನಕ ಒಳಗಿನವರ ಹೊಟ್ಟೆಗೆ ಬೀಳುವುದು ಚಾ, ಚಾ, ಮತ್ತೆ ಚಾ. ಸಕ್ಕರೆ ಹಾಕಿದ್ದು.

ತಡವಾಗಿ ತಿನ್ನುವುದೇ ತಪ್ಪು ಅಂತಲ್ಲ. ಆದರೆ ಒಲೆಯ ಮುಂದೆ ಆರು ಗಂಟೆ ನಿಲ್ಲುವುದು ಗದ್ದೆ ಕೆಲಸಕ್ಕೆ ಏನೂ ಕಡಿಮೆಯಲ್ಲ. ಗಿರಾಕಿ ಬರುವ ಮೊದಲು, ಮೊದಲ ಇಡ್ಲಿ ಇಳಿದ ಕೂಡಲೇ, ನಿಂತಲ್ಲೇ ಎರಡು ತಿಂದುಬಿಡಿ. ಜೊತೆಗೆ ಸಾಂಬಾರು, ತಳದ ಬೇಳೆ ಬರುವ ಹಾಗೆ ಕಲಕಿ ಹಾಕಿಕೊಂಡದ್ದು. ಐದು ನಿಮಿಷದ ಕೆಲಸ. ಮಾಲೀಕರಿಗೂ ಹೇಳುತ್ತೇನೆ: ಅವರೂ ಒಂದು ಕಾಲಕ್ಕೆ ಅದೇ ಒಲೆಯ ಮುಂದೆ ನಿಂತವರೇ ತಾನೇ? ನೀರು ಕುಡಿಯಿರಿ, ಚಾ ಕಡಿಮೆ ಮಾಡಿ, ರಾತ್ರಿ ಹೋಟೆಲ್ ಮುಚ್ಚಿದ ಮೇಲೆ ಹನ್ನೊಂದೂವರೆಗೆ ಹೊಟ್ಟೆ ಬಿರಿಯ ಉಣ್ಣಬೇಡಿ. ರಾತ್ರಿ ಪಾಳಿಯ ಟ್ಯಾಕ್ಸಿಯವರಿಗೂ ಇದೇ ಮಾತು.

ಶುಗರ್ ಇದ್ದವರು ತಿಂಡಿ ಬಿಡಬಹುದಾ?

ಡಾಕ್ಟರನ್ನು ಕೇಳದೆ ಬಿಡಬೇಡಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಅಧ್ಯಯನದ ಪ್ರಕಾರ ದೇಶದಲ್ಲಿ ಸುಮಾರು 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆ. ಅಂದರೆ ಈ ಪ್ರಶ್ನೆ ಹೆಚ್ಚುಕಡಿಮೆ ಪ್ರತಿ ಮನೆಯದು.

ನೀವು ತೆಗೆದುಕೊಳ್ಳುವ ಮಾತ್ರೆ ಯಾವುದು ಅಂತ ಮೊದಲು ನೋಡಿ. ಗ್ಲಿಮೆಪಿರೈಡ್, ಗ್ಲಿಕ್ಲಜೈಡ್ ಥರದವು ಹೊಟ್ಟೆಗೆ ಊಟ ಬಿದ್ದಿದೆಯೋ ಇಲ್ಲವೋ ನೋಡುವುದಿಲ್ಲ, ಇನ್ಸುಲಿನ್ ಸುರಿಸುತ್ತಲೇ ಇರುತ್ತವೆ. ಮಾತ್ರೆ ನುಂಗಿ ತಿಂಡಿ ಬಿಟ್ಟರೆ ಸಕ್ಕರೆ ತಳ ಮುಟ್ಟುತ್ತದೆ. ಇನ್ಸುಲಿನ್ ಚುಚ್ಚಿಕೊಳ್ಳುವವರಿಗೂ ಇದೇ ಅಪಾಯ. ಕೈ ನಡುಕ, ತಣ್ಣನೆ ಬೆವರು, ಎದೆ ಡವಡವ, ಮಾತು ತೊದಲುವುದು ಬಂದರೆ, ಅಥವಾ ಮೀಟರಿನಲ್ಲಿ 70ಕ್ಕಿಂತ ಕೆಳಗೆ ಕಂಡರೆ, ಮೂರು ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಯಿರಿ. ಹದಿನೈದು ನಿಮಿಷ ಬಿಟ್ಟು ಮತ್ತೆ ಅಳೆಯಿರಿ. ಏರದಿದ್ದರೆ ಇನ್ನೊಮ್ಮೆ. ಆಮೇಲೆ ಏನಾದರೂ ತಿನ್ನಿ. ಪ್ರಜ್ಞೆ ತಪ್ಪಿದವರ ಬಾಯಿಗೆ ಏನೂ ಹಾಕಬೇಡಿ, ಆಸ್ಪತ್ರೆಗೆ ಓಡಿ. ಬ್ಯಾಗಿನಲ್ಲಿ ಗ್ಲೂಕೋಸ್ ಪುಡಿಯ ಪೊಟ್ಟಣ ಇರಲಿ. ಟ್ರೇನು ಎರಡು ಸ್ಟೇಷನ್ನಿನ ನಡುವೆ ನಿಂತರೆ ಎಷ್ಟು ಹೊತ್ತು ಅಂತ ಯಾರಿಗೆ ಗೊತ್ತು?

ಬರೀ ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರಿಗೆ ಈ ಭಯ ಬಹಳ ಕಡಿಮೆ. ಆದರೂ ತಿಂಡಿ ತಿಂದರೆ ಲಾಭ ಇದೆ. ಇಸ್ರೇಲಿನವರ 2015ರ ಅಧ್ಯಯನದಲ್ಲಿ ಸಕ್ಕರೆ ಕಾಯಿಲೆಯ 22 ಜನರಿಗೆ ಒಂದು ದಿನ ತಿಂಡಿ ಕೊಟ್ಟು, ಇನ್ನೊಂದು ದಿನ ಕೊಡದೆ, ಎರಡೂ ದಿನ ಅದೇ ಮಧ್ಯಾಹ್ನದ ಊಟ, ಅದೇ ರಾತ್ರಿಯ ಊಟ ಕೊಟ್ಟರು. ತಿಂಡಿ ಬಿಟ್ಟ ದಿನ ಮಧ್ಯಾಹ್ನದ ಸಕ್ಕರೆ ಸುಮಾರು ಶೇ 37, ರಾತ್ರಿಯದು ಶೇ 27ರಷ್ಟು ಜಾಸ್ತಿ ಏರಿತು. ಬಹಳ ಹೊತ್ತು ಉಪವಾಸ ಇದ್ದು ಒಮ್ಮೆಗೇ ಊಟ ಬಂದರೆ ಅವರ ಮೈ ಅದನ್ನು ಸಲೀಸಾಗಿ ಸಂಭಾಳಿಸುವುದಿಲ್ಲ.

ರಾತ್ರಿಯಿಂದ ಏನೂ ತಿಂದಿಲ್ಲ, ಆದರೂ ಬೆಳಿಗ್ಗೆ ಶುಗರ್ ಜಾಸ್ತಿ. ಹೇಗೆ?

ನಸುಕಿನಲ್ಲಿ ಮೈ ಏಳಲು ತಯಾರಾಗುವಾಗ ಕಾರ್ಟಿಸಾಲ್‌ನಂಥ ಹಾರ್ಮೋನು ಏರುತ್ತವೆ. ಅವುಗಳ ಮಾತು ಕೇಳಿ ಲಿವರು ಕೂಡಿಟ್ಟ ಸಕ್ಕರೆಯನ್ನು ರಕ್ತಕ್ಕೆ ಬಿಡುತ್ತದೆ. ಎಲ್ಲರಲ್ಲೂ ಇದು ಆಗುತ್ತದೆ. ಸಕ್ಕರೆ ಕಾಯಿಲೆ ಇದ್ದವರಲ್ಲಿ ಅದನ್ನು ತಡೆಯುವಷ್ಟು ಇನ್ಸುಲಿನ್ ಇರುವುದಿಲ್ಲ. ಹಾಗಂತ ‘ಶುಗರ್ ಜಾಸ್ತಿ ಇದೆ, ಇವತ್ತು ತಿಂಡಿ ಬೇಡ’ ಅನ್ನುವುದು ಸರಿಯಲ್ಲ. ಮೇಲಿನ ಉತ್ತರ ಮತ್ತೊಮ್ಮೆ ಓದಿ.

ಥೈರಾಯ್ಡ್ ಮಾತ್ರೆ ತಗೊಂಡು ಎಷ್ಟು ಹೊತ್ತಿಗೆ ತಿನ್ನಬೇಕು?

ಖಾಲಿ ಹೊಟ್ಟೆಯಲ್ಲಿ ನೀರಿನ ಜೊತೆ ಮಾತ್ರೆ. ಅರ್ಧದಿಂದ ಒಂದು ಗಂಟೆ ಬಿಟ್ಟು ಚಾ, ಕಾಫಿ, ತಿಂಡಿ. ಕ್ಯಾಲ್ಸಿಯಂ ಮತ್ತು ಕಬ್ಬಿಣದ ಮಾತ್ರೆ ಇದ್ದರೆ ನಾಲ್ಕು ಗಂಟೆ ಅಂತರ ಇರಲಿ.

ಸರಿ, ತಿನ್ನೋದಾದ್ರೆ ಏನು ತಿನ್ನಬೇಕು? ಇಡ್ಲಿ ಒಳ್ಳೇದಾ, ಪೋಹೆ ಒಳ್ಳೇದಾ?

ಇಡ್ಲಿಯ ಬಗ್ಗೆ ನನಗೆ ಪಕ್ಷಪಾತ ಇದೆ, ಮೊದಲೇ ಹೇಳಿಬಿಡುತ್ತೇನೆ. ಎಣ್ಣೆ ಇಲ್ಲ, ಆವಿಯಲ್ಲಿ ಬೆಂದದ್ದು, ಅಕ್ಕಿಯಲ್ಲಿ ಕಡಿಮೆ ಇರುವ ಪ್ರೋಟೀನಿನ ಅಂಶವನ್ನು ಉದ್ದು ತುಂಬುತ್ತದೆ, ಹಿಟ್ಟು ಹುಳಿ ಬಂದಾಗ ಜೀರ್ಣಕ್ಕೂ ಹಗುರ. ಆದರೆ ಎರಡು ಇಡ್ಲಿಯಲ್ಲಿ ಪ್ರೋಟೀನು ಇರುವುದು ನಾಲ್ಕು ಗ್ರಾಂ ಆಸುಪಾಸು. ಐಸಿಎಂಆರ್ ಲೆಕ್ಕದಲ್ಲಿ 65 ಕಿಲೋ ತೂಕದ ಗಂಡಸಿಗೆ ದಿನಕ್ಕೆ 54 ಗ್ರಾಂ ಬೇಕು, 55 ಕಿಲೋ ತೂಕದ ಹೆಂಗಸಿಗೆ ಸುಮಾರು 46. ಹಾಗಾಗಿ ಇಡ್ಲಿಯ ಮಾನ ಕಾಯುವುದು ಸಾಂಬಾರು. ಬೇಳೆ ಗಟ್ಟಿಯಾಗಿರಬೇಕು. ಹೋಟೆಲಿನ ನೀರು ಸಾಂಬಾರು ಎರಡು ಬಟ್ಟಲು ಕುಡಿದರೂ ಅಷ್ಟಕ್ಕಷ್ಟೇ.

ಪೋಹೆ, ಅಂದರೆ ನಮ್ಮ ಒಗ್ಗರಣೆ ಅವಲಕ್ಕಿ, ಬರೀ ಅಕ್ಕಿ. ಎರಡು ಗಂಟೆಯಲ್ಲಿ ಮತ್ತೆ ಹಸಿವು. ಅದಕ್ಕೆ ಒಂದು ಹಿಡಿ ಶೇಂಗಾ ಹಾಕಿ. ಮೂವತ್ತು ಗ್ರಾಂ ಶೇಂಗಾದಲ್ಲಿ ಏಳು ಗ್ರಾಂನಷ್ಟು ಪ್ರೋಟೀನು ಸಿಕ್ಕಿತು. ಮೇಲೆ ನಿಂಬೆಹಣ್ಣು ಹಿಂಡುವುದು ಬರೀ ರುಚಿಗಲ್ಲ. ಕಾಳು, ಸೊಪ್ಪು, ಅವಲಕ್ಕಿಯ ಕಬ್ಬಿಣ ಮೈಗೆ ಹತ್ತಲು ನಿಂಬೆಯ ವಿಟಮಿನ್ ಸಿ ಸಹಾಯ ಮಾಡುತ್ತದೆ. ಅದರ ಹಿಂದೆಯೇ ಚಾ ಕುಡಿದರೆ ಆ ಲಾಭ ಹೋಯಿತು. ಚಾ ಕಬ್ಬಿಣವನ್ನು ತಡೆಯುತ್ತದೆ. ಒಂದು ಗಂಟೆ ತಡೆದು ಕುಡಿಯಿರಿ. ನಮ್ಮವರಿಗೆ ಇದು ಆಗದ ಮಾತು ಅಂತ ಗೊತ್ತು, ಆದರೂ ರಕ್ತ ಕಡಿಮೆ ಇರುವವರು ಇದನ್ನೊಂದು ಪಾಲಿಸಲೇಬೇಕು.

ಮುಂಬಯಿಯ ಬೀದಿಯಲ್ಲಿ ಸಿಗುವುದರಲ್ಲಿ ನನ್ನ ಓಟು ಉಸಳಿಗೆ. ಮೊಳಕೆ ಬರಿಸಿದ ಮಡಕೆ ಕಾಳು, ಪ್ರೋಟೀನು ಇದೆ, ನಾರಿದೆ. ಮೇಲಿನ ತರಿ ಎಣ್ಣೆ ತೆಗೆಸಿ, ಫರಸಾಣ ಕಡಿಮೆ ಹಾಕಿಸಿ, ಒಂದೇ ಪಾವ್. ಇದಕ್ಕೇ ತರಿ, ಫರಸಾಣ ಸುರಿದು ಮಾಡುವ ಮಿಸಳ್‌ನ ಅಭಿಮಾನಿಗಳು ನನ್ನನ್ನು ಬೈಯುತ್ತಾರೆ, ಬೈಯಲಿ. ಮಂಗಳೂರಿನವರ ಬನ್ಸ್, ಗೋಳಿಬಜೆ ತಿಂಗಳಿಗೊಂದೆರಡು ಸಲ ಸಾಕು. ನೀರ್ ದೋಸೆಗೆ ಬೆಲ್ಲ-ಕಾಯಿ ಬದಲು ಹೆಸರುಕಾಳಿನ ಗಸಿ ಹಾಕಿಕೊಳ್ಳಿ. ಮೀನಿನ ಸಾರು ಇದ್ದರಂತೂ ಕೇಳುವುದೇ ಬೇಡ. ಮೊಟ್ಟೆ ತಿನ್ನುವವರಿಗೆ ಸಲೀಸು, ಒಂದರಲ್ಲಿ ಆರು ಗ್ರಾಂ.

ವಾರದ ಉಪವಾಸದ ದಿನ ಸಾಬೂದಾನ ಖಿಚಡಿಯನ್ನು ಹಗುರ ಆಹಾರ ಅಂತ ಎಣಿಸಬೇಡಿ. ಸಾಬೂದಾನ ಅಂದರೆ ಪಿಷ್ಟ ಬಿಟ್ಟರೆ ಮತ್ತೇನಿಲ್ಲ, ಮೇಲೆ ತುಪ್ಪ. ಶೇಂಗಾ ಇಲ್ಲದಿದ್ದರೆ ಅದರಲ್ಲಿ ಪ್ರೋಟೀನಿನ ಸುಳಿವೂ ಇರುವುದಿಲ್ಲ.

ಕಾರ್ನ್‌ಫ್ಲೇಕ್ಸ್, ಓಟ್ಸ್?

ಕೆಲಾಗ್ಸ್ 1994ರಲ್ಲಿ ಭಾರತಕ್ಕೆ ಬಂದಾಗ ನಮ್ಮವರು ಫ್ಲೇಕ್ಸಿಗೆ ಬಿಸಿ ಹಾಲು ಸುರಿದರು. ಅದು ಮುದ್ದೆಯಾಯಿತು. ಜನ ಮತ್ತೆ ಉಪ್ಪಿಟ್ಟಿಗೆ ಹೋದರು. ಈಗ ಮಕ್ಕಳಿರುವ ಮನೆಯಲ್ಲಿ ಡಬ್ಬ ಇದ್ದೇ ಇರುತ್ತದೆ. ಚಾಕಲೇಟು, ಜೇನು ಬಣ್ಣದ ಡಬ್ಬಗಳ ಹಿಂಬದಿ ಓದಿ. ನೂರು ಗ್ರಾಂಗೆ ಸಕ್ಕರೆ ಎಷ್ಟು ಅಂತ ಬರೆದಿರುತ್ತದೆ. ಸಾದಾ ಓಟ್ಸ್ ಒಳ್ಳೆಯದೇ, ಅದರ ನಾರು ಕೊಲೆಸ್ಟ್ರಾಲನ್ನು ಸ್ವಲ್ಪ ಇಳಿಸುತ್ತದೆ. ಮಸಾಲೆ ಪೊಟ್ಟಣದಲ್ಲಿ ಉಪ್ಪು ಜಾಸ್ತಿ. ರಾಗಿ ಅಂಬಲಿ ಕುಡಿದು ಬೆಳೆದವರು ಓಟ್ಸಿಗೆ ಅಷ್ಟು ದುಡ್ಡು ಕೊಡಬೇಕಾಗಿಲ್ಲ.

ಬೆಳಿಗ್ಗೆ ಚಾ-ಬಿಸ್ಕಿಟ್ ತಿಂದರೆ ತಿಂಡಿ ಆದ ಹಾಗಾ?

ಇಲ್ಲ. ಮೈದಾ, ಸಕ್ಕರೆ, ಎಣ್ಣೆ, ಜೊತೆಗೆ ಚಾದ ಸಕ್ಕರೆ. ಇದಕ್ಕಿಂತ ತಿಂಡಿ ಬಿಡುವುದೇ ವಾಸಿ ಅಂತ ಎಷ್ಟೋ ಸಲ ಅನ್ನಿಸುತ್ತದೆ. ‘ಡೈಜೆಸ್ಟಿವ್’ ಅಂತ ಬರೆದ ಬಿಸ್ಕಿಟ್ ಕೂಡ ಬಿಸ್ಕಿಟ್ಟೇ.

ಮಗ ಏನೂ ತಿನ್ನದೆ ಬೆಳಗಿನ ಶಾಲೆಗೆ ಓಡ್ತಾನೆ. ಪರವಾಗಿಲ್ವಾ?

ಮಕ್ಕಳ ವಿಷಯದಲ್ಲಿ ನಾನು ಅಡ್ಡಗೋಡೆ ಮೇಲೆ ದೀಪ ಇಡುವುದಿಲ್ಲ. ತಿನ್ನಿಸಿ. ಮಕ್ಕಳ ಮಿದುಳು ದೇಹದ ತೂಕಕ್ಕೆ ಹೋಲಿಸಿದರೆ ದೊಡ್ಡವರಿಗಿಂತ ಹೆಚ್ಚು ಸಕ್ಕರೆ ಬಳಸುತ್ತದೆ, ಕೂಡಿಟ್ಟದ್ದೂ ಕಡಿಮೆ. ಜಮೈಕಾದ ಹಳ್ಳಿ ಶಾಲೆಗಳಲ್ಲಿ 814 ಮಕ್ಕಳ ಮೇಲೆ ನಡೆದ ಪ್ರಯೋಗ 1998ರಲ್ಲಿ ಪ್ರಕಟವಾಯಿತು. ಒಂದು ಶಾಲಾ ವರ್ಷ ದಿನಾ ತಿಂಡಿ ಕೊಟ್ಟ ಮಕ್ಕಳ ಹಾಜರಾತಿ, ಎತ್ತರ, ತೂಕ ಸ್ವಲ್ಪ ಸುಧಾರಿಸಿತು. ಚಿಕ್ಕ ತರಗತಿಯವರ ಲೆಕ್ಕವೂ ಚುರುಕಾಯಿತು. ತಮಿಳುನಾಡು 2022ರಲ್ಲಿ ಸರಕಾರಿ ಶಾಲೆಗಳಲ್ಲಿ ಬೆಳಗಿನ ತಿಂಡಿ ಶುರು ಮಾಡಿದೆ.

ಮಹಾರಾಷ್ಟ್ರ ಸರಕಾರ 2024ರಲ್ಲಿ ನಾಲ್ಕನೇ ತರಗತಿವರೆಗಿನ ಶಾಲೆ ಒಂಬತ್ತಕ್ಕಿಂತ ಮೊದಲು ಶುರುವಾಗಬಾರದು ಅಂತ ಆದೇಶ ಹೊರಡಿಸಿತು. ಅದು ಮಕ್ಕಳ ನಿದ್ದೆಗಾಗಿ, ಆದರೆ ತಿಂಡಿಗೂ ಹೊತ್ತು ಸಿಗುತ್ತದೆ. ದೊಡ್ಡ ತರಗತಿಯವರಿಗೆ ಈಗಲೂ ಏಳಕ್ಕೆ ಗಂಟೆ ಹೊಡೆಯುವ ಶಾಲೆಗಳಿವೆ. ಆರೂವರೆಗೆ ಇಡ್ಲಿ ಗಂಟಲಲ್ಲಿ ಇಳಿಯದಿದ್ದರೆ ಒಂದು ಲೋಟ ಹಾಲು, ಒಂದು ಬಾಳೆಹಣ್ಣು ಕೊಟ್ಟು ಕಳಿಸಿ. ಗಟ್ಟಿ ತಿಂಡಿಯನ್ನು ಮೊದಲ ರಿಸೆಸ್ಸಿನ ಡಬ್ಬಿಗೆ ಹಾಕಿ. ತಿಂಡಿಗಾಗಿ ಬೆಳಬೆಳಿಗ್ಗೆ ಬೈದು ಅಳಿಸಿ ಕಳಿಸುವುದು ಮಾತ್ರ ಬೇಡ.

ಜಿಮ್‌ನವರು ಹನ್ನೆರಡರಿಂದ ಎಂಟರವರೆಗೆ ಮಾತ್ರ ತಿನ್ನಿ ಅಂತಾರೆ. ಒಳ್ಳೇದಾ?

2020ರಲ್ಲಿ 116 ಜನರ ಮೇಲೆ ಇದನ್ನೇ, ಮಧ್ಯಾಹ್ನ ಹನ್ನೆರಡರಿಂದ ರಾತ್ರಿ ಎಂಟು, ಹನ್ನೆರಡು ವಾರ ಮಾಡಿಸಿದರು. ಒಂದು ಕಿಲೋದ ಒಳಗೇ ತೂಕ ಇಳಿಯಿತು. ಮೂರು ಹೊತ್ತು ತಿಂದವರಿಗೂ ಹೆಚ್ಚುಕಡಿಮೆ ಅಷ್ಟೇ ಇಳಿದಿತ್ತು. ನಿಮಗೆ ಒಗ್ಗಿದರೆ ಮಾಡಿ, ಪವಾಡ ಕಾಯಬೇಡಿ. ನಮ್ಮಲ್ಲಿ ಇನ್ನೊಂದು ತೊಡಕು. ಹನ್ನೆರಡರವರೆಗೆ ಉಪವಾಸ ಸರಿಯಾಗಿ ನಡೆಯುತ್ತದೆ, ಎಂಟಕ್ಕೆ ಬಾಗಿಲು ಹಾಕುವುದು ಮಾತ್ರ ಯಾರಿಗೂ ಆಗುವುದಿಲ್ಲ. ಉಪವಾಸ ಮಾಡುವುದೇ ಆದರೆ ರಾತ್ರಿ ಕಡೆಯಿಂದ ಮಾಡಿ.

ತಿಂಡಿ ಬಿಟ್ಟರೆ ಅಸಿಡಿಟಿ ಆಗುತ್ತೆ. ನಿಜವಾಗಲೂ ತಿಂಡಿ ಬಿಟ್ಟದ್ದಕ್ಕೇನಾ?

ಕೆಲವರಿಗೆ ಹೌದು. ಬಹಳ ಜನರಿಗೆ ಖಾಲಿ ಹೊಟ್ಟೆಯ ಮೇಲೆ ಬಿದ್ದ ಎರಡು-ಮೂರು ಕಟಿಂಗ್ ಚಾ, ಇಲ್ಲವೇ ಉಂಡ ಕೂಡಲೇ ಹಾಸಿಗೆಗೆ ಬಿದ್ದದ್ದು ಕಾರಣ. ಊಟಕ್ಕೂ ಮಲಗುವುದಕ್ಕೂ ಎರಡು-ಮೂರು ಗಂಟೆ ಅಂತರ ಇಟ್ಟು ಎರಡು ವಾರ ನೋಡಿ. ಎದೆಯುರಿ ಎಡಗೈಗೆ, ದವಡೆಗೆ ಹರಡಿ ಬೆವರು ಬಂದರೆ ಅದು ಗ್ಯಾಸ್ ಅಂತ ಸೋಡಾ ಕುಡಿದು ಕೂರಬೇಡಿ, ಆಸ್ಪತ್ರೆಗೆ ಹೋಗಿ.

ಊರಿನಿಂದ ಬಂದ ಅಮ್ಮ ಬೆಳಿಗ್ಗೆ ಗಂಜಿ ಬಿಟ್ಟು ಬೇರೇನೂ ಮುಟ್ಟಲ್ಲ. ಏನು ಮಾಡಲಿ?

ಗಂಜಿಯೇ ಕೊಡಿ. ಎಪ್ಪತ್ತು ವರ್ಷದ ರೂಢಿಯನ್ನು ಬೊರಿವಿಲಿಯ ಫ್ಲ್ಯಾಟಿನಲ್ಲಿ ಬದಲಾಯಿಸಲು ಹೊರಡಬೇಡಿ. ಜೊತೆಗೆ ಏನಿದೆ ಅಂತ ಮಾತ್ರ ನೋಡಿ. ಬರೀ ಉಪ್ಪಿನಕಾಯಿಯಾದರೆ ಉಪ್ಪು ಜಾಸ್ತಿ, ಪ್ರೋಟೀನು ಇಲ್ಲ. ವಯಸ್ಸಾದಂತೆ ಮಾಂಸಖಂಡ ಕರಗುತ್ತದೆ, ಅವರಿಗೆ ಪ್ರೋಟೀನು ಹೆಚ್ಚೇ ಬೇಕು. ಗಂಜಿಗೆ ಹೆಸರುಕಾಳು ಹಾಕಿ ಬೇಯಿಸಿ, ಇಲ್ಲವೇ ಪಕ್ಕಕ್ಕೆ ಹುರುಳಿ ಚಟ್ನಿ, ಒಂದು ಬಟ್ಟಲು ಮೊಸರು ಇಡಿ. ಕಿಡ್ನಿ ತೊಂದರೆ ಇದ್ದರೆ ಡಾಕ್ಟರನ್ನು ಕೇಳಿ ಮುಂದುವರಿಯಿರಿ.

ರಕ್ತ ಪರೀಕ್ಷೆಯ ದಿನ ತಿಂಡಿ ಹೇಗೆ?

ಫಾಸ್ಟಿಂಗ್ ಶುಗರಿಗೆ ಎಂಟು ಗಂಟೆ ಉಪವಾಸ ಬೇಕು. ನೀರು ಕುಡಿಯಬಹುದು, ಚಾ ಬೇಡ, ಸಕ್ಕರೆ ಇಲ್ಲದ್ದೂ ಬೇಡ. ರಾತ್ರಿ ಹನ್ನೊಂದಕ್ಕೆ ಉಂಡು ಬೆಳಿಗ್ಗೆ ಆರಕ್ಕೆ ಲ್ಯಾಬಿಗೆ ಹೋದರೆ ಎಂಟು ಗಂಟೆ ಆಗಿರುವುದಿಲ್ಲ, ಎಣಿಸಿ ನೋಡಿ. ಶುಗರ್ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ಆ ಬೆಳಿಗ್ಗೆ ಏನು ಮಾಡಬೇಕು ಅಂತ ಹಿಂದಿನ ದಿನವೇ ಡಾಕ್ಟರನ್ನು ಕೇಳಿಟ್ಟುಕೊಳ್ಳಿ. ಮೊದಲ ರಕ್ತ ಕೊಟ್ಟ ಮೇಲೆ ಲ್ಯಾಬಿನಲ್ಲೇ ತಿನ್ನಲು ಡಬ್ಬಿ ಒಯ್ಯಿರಿ. ತಿಂದು ಎರಡು ಗಂಟೆಗೆ ಕೊಡುವ ಎರಡನೇ ರಕ್ತಕ್ಕೆ ಹೊತ್ತು ಎಣಿಸುವುದು ಮೊದಲ ತುತ್ತಿನಿಂದ, ಕೈ ತೊಳೆದಾಗಿನಿಂದಲ್ಲ. ಆ ದಿನ ಮಾತ್ರ ಒಂದೇ ಇಡ್ಲಿ ತಿಂದು ಒಳ್ಳೆಯ ರಿಪೋರ್ಟ್ ತರಿಸಿಕೊಳ್ಳುವವರು ಬಹಳ ಜನ ಇದ್ದಾರೆ. ದಿನಾ ತಿನ್ನುವುದನ್ನೇ, ದಿನಾ ತಿನ್ನುವಷ್ಟೇ ತಿನ್ನಿ.